ಅವಳ ರಕ್ತಕ್ಕಿಂತ ಮೊದಲು ಅವನ ಮಾತು

೬ ನವೆಂಬರ್ ೨೦೦೬, ಸೋಮವಾರ. ಇಂಡಿ.

ಒಂಬತ್ತಕ್ಕೆ ಆಸ್ಪತ್ರೆ. ಎಚ್‌ಐವಿ ತಪಾಸಣೆ ಕೋಣೆಯ ಮುಂದಿನ ಬೆಂಚು ಒರೆಸಿದೆ. ಐದಾರು ಜನ ಬಂದು ಕೂತರು, ಒಬ್ಬರಿಗೊಬ್ಬರು ಬೆನ್ನು ಮಾಡಿ. ಒಂದೇ ಬೆಂಚು... ಆದರೂ ಹೇಗೋ ಬೆನ್ನು ಮಾಡುತ್ತಾರೆ.

ಇವತ್ತಿನಿಂದ ಹೊಸ ಪದ್ಧತಿ. ಇಷ್ಟು ದಿನ ರಿಪೋರ್ಟ್ ಕೊಡುತ್ತಿದ್ದೆವು, ಧೈರ್ಯ ಹೇಳುತ್ತಿದ್ದೆವು, ಕಳಿಸುತ್ತಿದ್ದೆವು. ಮನೆಯಲ್ಲಿರುವ ಹೆಂಡತಿ? ಅವಳ ಸುದ್ದಿ ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಒಂದು ವರ್ಷದಿಂದ ಪ್ರತಿ ಮೀಟಿಂಗ್‌ನಲ್ಲಿ ಕೈ ಎತ್ತಿದ್ದೇನೆ. "ಶೇವಂತೆವ್ವ ಆಯಿದು ಶುರು ಆತು" ಎಂದು ನಗುತ್ತಿದ್ದರು. ಈಗ ಡಾಕ್ಟರು ಒಪ್ಪಿದ್ದಾರೆ. ರಿಪೋರ್ಟ್ ಕೊಟ್ಟಲ್ಲೇ ಕೇಳಬೇಕು — ಹೆಂಡತಿಗೆ ನೀನೇ ಹೇಳುತ್ತೀಯಾ, ಕರೆತಂದು ನಮ್ಮೆದುರು ಹೇಳುತ್ತೀಯಾ, ನಾವೇ ಹೇಳಬೇಕಾ? ಅವನು ಹೂಂ ಅನ್ನದೆ ನಾವು ಬಾಯಿ ಬಿಡುವಂತಿಲ್ಲ. ಕೇಳದೆ ಬಿಡುವಂತೆಯೂ ಇಲ್ಲ.

ಮೊದಲ ಗಿರಾಕಿಯೇ ಗಟ್ಟಿ. (ಮೂವತ್ತು ವರ್ಷ ಬಳೆ ಮಾರಿ ಆಮೇಲೆ ಇಲ್ಲಿ ಸಹಾಯಕಿಯಾಗಿ ಸೇರಿದವಳ ನಾಲಿಗೆ, ಗಿರಾಕಿ ಎಂದೇ ಬರುತ್ತದೆ.) ಹೆಸರು ಬೇರೆ ಇಟ್ಟು ಬರೆಯುತ್ತೇನೆ — ಖಂಡೆಪ್ಪ ಎನ್ನೋಣ. ಝಳಕಿಯವನು. ಲಿಂಬೆಹಣ್ಣಿನ ಲಾರಿ ಓಡಿಸುತ್ತಾನೆ. ರಿಪೋರ್ಟ್ ಪಾಸಿಟಿವ್ ಎಂದು ನಮ್ಮ ಕೌನ್ಸೆಲರ್ ಹೃಷೀಕೇಶ ಮೆಲ್ಲಗೆ ಹೇಳಿದ. ಖಂಡೆಪ್ಪ ಅಳಲಿಲ್ಲ, ಬೈಯಲಿಲ್ಲ.

"ಮನ್ಯಾಗ ಯಾರ್ಯಾರ ಅದಾರ ತಮ್ಮಾ?" ಎಂದೆ.

ಅವ್ವ. ಹೆಂಡತಿ ಸುನಂದಾ — ಬಸುರಿ, ಏಳನೇ ತಿಂಗಳು. ಚೊಚ್ಚಲು. ಇದೇ ಇಪ್ಪತ್ನಾಲ್ಕಕ್ಕೆ ಕುಬಸ, ಸೀಮಂತದ ಶಾಸ್ತ್ರ. ಹಸಿರು ಬಳೆ, ಉಡಿ ತುಂಬುವುದು, ಊಟ... ಮುಗಿದ ಮೇಲೆ ಅಣ್ಣ ತವರಿಗೆ ಕರೆದೊಯ್ಯುತ್ತಾನೆ. ಮುದ್ದೇಬಿಹಾಳದ ಆಚೆ ಹಳ್ಳಿ, ಸೂಲಗಿತ್ತಿ ಕೈಯ ಹೆರಿಗೆ. ಹೋದಳೆಂದರೆ ನಮಗೆ ಸಿಗಳು. ಅವಳಿಗೂ ತಗುಲಿದ್ದರೆ? ಹೆರಿಗೆ ಹೊತ್ತಿಗೆ ತಾಯಿಗೆ ಗುಳಿಗೆ, ಹುಟ್ಟಿದ ಕೂಸಿಗೆ ಹನಿ ಔಷಧ — ಕೂಸು ಪಾರಾಗುವ ಸಂಭವ ಎಷ್ಟೋ ಹೆಚ್ಚು. ಆದರೆ ಗೊತ್ತಿದ್ದರೆ ತಾನೆ ಕೊಡುವುದು!

"ನಾನ ಹೇಳ್ತೇನ್ರಿ ಆಯಿ" ಎಂದು ಎದ್ದು ಹೋದ. ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಹೋಗಿದ್ದ. ತಿರುಗಿ ಬಂದು ಹಾಕಿಕೊಂಡ.

೯ ನವೆಂಬರ್, ಗುರುವಾರ

ಮೂರು ದಿನವಾಯಿತು, ಖಂಡೆಪ್ಪ ತಿರುಗಿ ಬರಲಿಲ್ಲ. ನಾನೇ ಝಳಕಿಗೆ ಹೋದೆ. ತಲೆಯ ಮೇಲೆ ಬಳೆ ಬುಟ್ಟಿ. ಆಸ್ಪತ್ರೆಯವಳು ಹುಡುಕಿಕೊಂಡು ಬಂದಳೆಂದರೆ ಊರೇ ಲೆಕ್ಕ ಹಾಕುತ್ತದೆ. ಬಳೆಗಾರತಿ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಹೈವೇ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕ. ಒಬ್ಬನೇ ಕೂತು ಗಾಲಿಯ ನಟ್ಟು ಬಿಗಿಯುತ್ತಿದ್ದ.

"ಹೆಣ್ಣ ಕೊಡಾಕ ಬಂದವ್ರೂ ಇಷ್ಟ ಬೆನ್ನ ಹತ್ತಿರಲಿಲ್ಲಲ್ರಿ ಆಯಿ!"

"ಅವ್ರು ಹೆಣ್ಣ ಕೊಟ್ಟ ಹ್ವಾದ್ರು. ಆ ಹೆಣ್ಣಿನ ಸಲುವಾಗೇ ನಾ ಬಂದೇನಿ. ಹೇಳಿದೇನು?"

ಅತ್ತಿತ್ತ ನೋಡಿ ದನಿ ಇಳಿಸಿದ. "ಬಸರಿ ಹೆಂಗಸರಿಗೆಲ್ಲಾ ದವಾಖಾನ್ಯಾಗ ರಕ್ತ ತಪಾಸ ಮಾಡ್ತೀರಿ, ಹೌದಲ್ರಿ? ಅಕಿನ್ನ ಕರ್ಕೊಂಡ ಬರ್ತೇನಿ. ಅಕಿಗೂ ಐತಿ ಅಂತ ಬಂದ್ರ ಔಷಧ ಕೊಡ್ರಿ. ನನ್ನ ಸುದ್ದಿ ಮಾತ್ರ ಎತ್ತಬ್ಯಾಡ್ರಿ."

"ಅಕೀದಷ್ಟ ಹೊರಗ ಬಿತ್ತು ಅಂದ್ರ ನಿಮ್ಮವ್ವ ಏನಂತಾಳ?"

ಇನ್ನೊಂದು ನಟ್ಟಿಗೆ ಪಾನಾ ಹಾಕಿದ.

"ಹೇಳು. ಏನಂತಾಳ?"

"...ಎಲ್ಲಿಂದ ತಂದಿ ಅಂತ ಕೇಳ್ತಾಳ."

"ಅವಾಗ ನೀ ಏನಂತಿ?"

ನಟ್ಟು ತಿರುಗಿಸುತ್ತಲೇ ಇದ್ದ. ಬಿಗಿಯಾದ ಮೇಲೂ.

ದೇವಣಗಾಂವದಲ್ಲಿ ನನ್ನ ತಂಗಿಯ ಮಗಳಿಗೆ ಹೀಗೇ ಆಯಿತು. ಅವಳ ರಿಪೋರ್ಟ್ ಮೊದಲು ಬಂತು. ಗಂಡನಿಗೆ ತನ್ನದು ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಾಣಂತಿಯನ್ನು ಹೊರಗೆ ಹಾಕಿದರು. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಇದನ್ನು ಇನ್ನೊಮ್ಮೆ ಆಗಗೊಡುವುದಿಲ್ಲ. ಅವಳ ರಕ್ತಕ್ಕಿಂತ ಮೊದಲು ಅವನ ಮಾತು. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಕುಣಿಯಲಿ.

೧೫ ನವೆಂಬರ್, ಬುಧವಾರ

ಬಂದರು. ಮೂವರು!

ಹೆಂಡತಿಯನ್ನು ಕರೆತಾ ಎಂದರೆ ಅವ್ವನನ್ನೂ ಕರೆತಂದಿದ್ದಾನೆ. ತರದೆ ಏನು ಮಾಡಿಯಾನು? ಬಸುರಿ ಸೊಸೆಯನ್ನು ಅತ್ತೆ ತಾನು ಬಾರದೆ ಕಳಿಸುವ ಮನೆಗಳೇ ಅಲ್ಲ ಇವು. ಇಷ್ಟು ಮೀಟಿಂಗ್ ಮಾಡಿದೆವು, ಯಾರಿಗೂ ಅತ್ತೆಯ ನೆನಪಾಗಲಿಲ್ಲ. ಅತ್ತೆ ಗುಂಡವ್ವ ಬೆಂಚಿನ ನಡುವೆ ಕೂತಿದ್ದಾಳೆ, ಆ ಕಡೆ ಮಗ, ಈ ಕಡೆ ಸೊಸೆ.

ಹೃಷೀಕೇಶ ನನ್ನನ್ನು ಮೂಲೆಗೆ ಕರೆದ. "ಆಯಿ, ಬಸರಿ ಅಂತನ ತಪಾಸ ಮಾಡಿಬಿಡೂಣ್ರಿ. ತವರಿಗೆ ಹ್ವಾದ್ರ ಕೂಸಿನ ಗತಿ ಏನು?"

"ರಿಪೋರ್ಟ್ ಬಂದ ಮ್ಯಾಲ ತಾಯಿ ಗತಿ ಏನು?"

"ಇಬ್ಬರೂ ಉಳೀಬೇಕಲ್ರಿ."

"ಅದಕ್ಕ ಮುದುಕೀನ್ನ ನಾ ಕರ್ಕೊಂಡ ಹೋಗ್ತೇನಿ. ನೀ ಇವರಿಬ್ಬರನ್ನ ಒಳಗ ಕೂಡಸು."

ಗುಂಡವ್ವ ಸುಲಭಕ್ಕೆ ಏಳುವವಳಲ್ಲ. "ಯಾಕ? ನನ್ನ ಸೊಸೀಗಿ ಒಳಗ ಏನ ಮಾಡಾವ್ರು?"

"ಗಂಡಾ ಹೆಂಡ್ತಿ ಕೂಡಿ ಕೇಳೂ ಮಾತ ಇರ್ತಾವ. ನೀ ನಡುವ ಕುಂತ್ರ ಹೇಳಾವಗೂ ನಾಚಿಕಿ ಬರ್ತೈತಿ. ಬಾ, ಚಾ ಕುಡ್ಯೂಣು."

ನಕ್ಕು ಎದ್ದಳು. ಗೇಟಿನ ಅಂಗಡಿಯಲ್ಲಿ ಚಹಾ ಬಸಿತಟ್ಟೆಗೆ ಸುರಿದುಕೊಂಡು ಊದುತ್ತ ಹೇಳಿದಳು, "ರಕ್ತದಾಗ ಏನರ ಕೆಟ್ಟದ್ದ ಬಂದ್ರ ತವರಾಗ ಬಿಟ್ಟಬಿಡೂದು, ಅಷ್ಟ. ನನ್ನ ಮಗಾ ಬಂಗಾರದಂಥಾವ."

ನನ್ನ ಚಹಾ ಹಾಗೇ ಬಿಟ್ಟು ಎದ್ದೆ.

ತಿರುಗಿ ಬಂದಾಗ ಖಂಡೆಪ್ಪ ಗೋಡೆಯ ಪೋಸ್ಟರ್ ನೋಡುತ್ತ ಕೂತಿದ್ದ. ಹೇಳಿಲ್ಲ. ಹೃಷೀಕೇಶ ತಪಾಸಣೆಯ ಮಾತು ಎತ್ತಿದರೆ ಸುನಂದಾಳೇ ಬೇಡ ಎಂದಳಂತೆ. "ಅವ್ರು ಏನೋ ಹೇಳಬೇಕು ಅಂತ ಕರ್ಕೊಂಡ ಬಂದಾರ. ಹೇಳವಲ್ರು. ಅದೇನು ಅಂತ ತಿಳೀಲಿ, ಆಮ್ಯಾಲ ಸೂಜಿ."

ಹುಡುಗಿ ಗಟ್ಟಿ ಇದ್ದಾಳೆ. ಎದೆ ತಣ್ಣಗಾಯಿತು. ಕುಬಸಕ್ಕೆ ಇನ್ನು ಒಂಬತ್ತೇ ದಿನ, ಹೆದರಿಕೆಯೂ ಆಯಿತು.

೨೦ ನವೆಂಬರ್, ಸೋಮವಾರ

ನಾನು ಬಳೆಗಾರತಿ ಎಂದು ಚಹಾ ಕುಡಿಯುವಾಗ ಹೇಳಿದ್ದೆ; ಗುಂಡವ್ವನೇ ಹೇಳಿ ಕಳಿಸಿದಳು, ಕುಬಸದ ಬಳೆ ಇಡಿಸಲು ಬಾ ಎಂದು. ಖಂಡೆಪ್ಪ ಸೊಲ್ಲಾಪುರಕ್ಕೆ ಲೋಡು ಒಯ್ದಿದ್ದ. ಅತ್ತೆ ಅಡುಗೆಮನೆಯಲ್ಲಿ. ಪಡಸಾಲೆಯಲ್ಲಿ ನಾನು, ಸುನಂದಾ, ನನ್ನ ಕೈಯಲ್ಲಿ ಅವಳ ಕೈ. ಬಾವು ಬಂದ ಬೆರಳು, ಮೆಲ್ಲಗೆ ಒತ್ತಿ ಒತ್ತಿ ಏರಿಸಿದೆ. ಒಂದು ಮಾತು ಸಾಕಿತ್ತು. ತುಟಿಯವರೆಗೆ ಬಂತು.

"ಆಯಿ, ನನಗ ಏನರ ಆಗೈತೇನು?"

"ನನಗ ಹೇಳೂ ಹಕ್ಕಿಲ್ಲವ್ವಾ. ನಿನಗ ಕೇಳೂ ಹಕ್ಕ ಐತಿ. ಲಾರಿ ಇಳಿದ ಕೂಡಲೇ ಕೇಳು. ಹೇಳೂ ತನಕಾ ಬಿಡಬ್ಯಾಡ."

ಹೆಚ್ಚಾಯಿತೇನೋ. ಮುಚ್ಚಿಡದೆ ಹೃಷೀಕೇಶನಿಗೆ ಹೇಳಿದೆ. ಅವನು ಕೈಯ ಪೆನ್ನು ಕೆಳಗಿಟ್ಟ. "ಗೆರಿ ಮ್ಯಾಲ ಹೋಗಿ ನಿಂತೀರಿ ಆಯಿ."

"ದಾಟಿಲ್ಲಲ್ಲ."

"ಇನ್ನೊಂದ ಹೆಜ್ಜಿ ಇಡಬ್ಯಾಡ್ರಿ."

ಇಡುವುದಿಲ್ಲ. ಆದರೆ ಹಿಂದಕ್ಕೂ ಸರಿಯುವುದಿಲ್ಲ.

೨೩ ನವೆಂಬರ್, ಗುರುವಾರ. ಸಂಜೆ.

ಮೊದಲ ಬಸ್ಸಿಗೇ ಮೂವರೂ ಬಂದಿದ್ದರು. ಸುನಂದಾಳ ಕಣ್ಣು ಬಾತಿದ್ದವು. ಗುಂಡವ್ವನನ್ನು ಬೆಂಚಿನ ಮೇಲೆ ಕೂರಿಸಿ, ಗಂಡನನ್ನು ಕರೆದುಕೊಂಡು ತಾನೇ ಮುಂದಾಗಿ ಒಳಗೆ ಬಂದಳು.

"ಕುಬಸದ ಮಣಿ ಮ್ಯಾಲ ಕೂಡೂದಿಲ್ಲ ಅಂದೆ. ಅವಾಗ ಬಾಯಿ ಬಿಟ್ರು."

ಖಂಡೆಪ್ಪ ತಲೆ ಎತ್ತಲಿಲ್ಲ. ಹೃಷೀಕೇಶ ರೋಗದ ಬಗ್ಗೆ, ಔಷಧದ ಬಗ್ಗೆ, ಕೂಸಿನ ಬಗ್ಗೆ ಎಲ್ಲ ಬಿಡಿಸಿ ಹೇಳಿದ. ಏನೇ ಬರಲಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದ. ತಪಾಸಣೆಗೆ ಒಪ್ಪಿದಳು. ಟೇಬಲ್ ಮೇಲೆ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು.

"ತಡೀರಿ. ಅತ್ತಿಗೆ ಇನ್ನೂ ಗೊತ್ತಿಲ್ಲ. ನನ್ನ ರಕ್ತ ಆಮ್ಯಾಲ. ಮೊದಲ ಇವ್ರು ಅವ್ವನ ಮುಂದ ಹೇಳಲಿ."

ನಾನು ಇಷ್ಟು ದೂರ ಯೋಚಿಸಿರಲಿಲ್ಲ.

ಖಂಡೆಪ್ಪ ಹೊರಗೆ ಹೋದ. ಅವ್ವನನ್ನು ಬೇವಿನ ಗಿಡದ ಕಡೆ ಕರೆದೊಯ್ದ. ಕಿಟಕಿಯಿಂದ ಕಂಡಷ್ಟೇ — ಅವನ ತುಟಿ ಆಡಿತು. ಗುಂಡವ್ವ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ನೆಲಕ್ಕೆ ಕೂತಳು.

ಯಾರೂ ಅವಸರ ಮಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದಳು. ಸೊಸೆಯ ಕುರ್ಚಿ ಹಿಂದೆ ನಿಂತಳು.

"ಸೂಜಿ ಸಣ್ಣದ ಹಾಕಪಾ. ಬಸರಿ ಅದಾಳ."

ರಿಪೋರ್ಟ್ ಬಂತು. ಏನು ಬಂತೆಂದು ಇಲ್ಲೂ ಬರೆಯುವುದಿಲ್ಲ. ಅದು ಅವಳದು.

ಹೊರಡುವಾಗ ಗುಂಡವ್ವನ ಮುಖದಲ್ಲಿ ಬೇರೆಯೇ ಚಿಂತೆ. "ಚೊಚ್ಚಲ ಬಾಣೇತನ ತವರಾಗ ಆಗಬೇಕು. ನಾಳೆ ಇಕಿ ಅಣ್ಣ ರೇವಪ್ಪ ಕರಿಯಾಕ ಬರ್ತಾನ. ಇಲ್ಲೇ ಹಡೀತಾಳ ಅಂದ್ರ ಯಾಕ ಅಂತಾನ. ಏನ ಹೇಳೂದು?"

ಸುನಂದಾ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಇವ್ರ ಹೇಳ್ತಾರ."

೨೪ ನವೆಂಬರ್, ಶುಕ್ರವಾರ. ಝಳಕಿ.

ಕುಬಸಕ್ಕೆ ಕರೆದಿದ್ದರು, ಬಂದಿದ್ದೇನೆ. ಉಡಿ ತುಂಬಿ ಆಯಿತು. ಹೆಂಗಸರು ಊಟಕ್ಕೆ ಕೂತಿದ್ದಾರೆ. ನಾನು ಪಡಸಾಲೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಈಗ ರೇವಪ್ಪ ಬಂದ. ಕಾಲಿಗೆ ನೀರು ಕೊಟ್ಟರು. ಗುಂಡವ್ವ ಮಗನ ಮುಖ ನೋಡಿದಳು, ನಾನೂ ನೋಡಿದೆ. ಯಾರೂ ನೂಕಲಿಲ್ಲ. ಖಂಡೆಪ್ಪ ತಾನೇ ಎದ್ದ. "ಮಾವಾ, ಸ್ವಲ್ಪ ಹೊರಗ ಬರ್ರಿ" ಎಂದು ಲಾರಿಯ ಹಿಂದಕ್ಕೆ ಕರೆದೊಯ್ದ.

ಸುನಂದಾ ಮಣೆಯ ಮೇಲೆ ಕೂತಿದ್ದಾಳೆ. ಕೈಯ ತುತ್ತು ಕೈಯಲ್ಲೇ.

ಒಮ್ಮೆಲೆ ರೇವಪ್ಪನ ದನಿ ಏರಿತು. ಹೆಂಗಸರು ತಿರುಗಿ ನೋಡಿದರು. ಗುಂಡವ್ವ ಬಾಗಿಲಿಗೆ ಅಡ್ಡ ನಿಂತು, "ಉಣ್ರೆವಾ, ಉಣ್ರಿ" ಎನ್ನುತ್ತಿದ್ದಾಳೆ. ಮತ್ತೆ ಖಂಡೆಪ್ಪನ ದನಿ. ಸಣ್ಣದು. ಮಾತು ತಿಳಿಯುವುದಿಲ್ಲ. ರೇವಪ್ಪ ನಡುವೆ ಬಾಯಿ ಹಾಕಿದ... ಖಂಡೆಪ್ಪ ನಿಲ್ಲಲಿಲ್ಲ. ಇನ್ನೂ ಹೇಳುತ್ತಲೇ ಇದ್ದಾನೆ.