ಜೀಪಿಗೆ ಎರಡನೇ ಬ್ಯಾಟರಿ

ಜೂನ್ 11, ಬುಧವಾರ. ಬೆಳಿಗ್ಗೆ 6.20

ಮೆಷಿನ್ ಫಿಲ್ಟರ್ ತೊಳೆದು ಒಣಗಲು ಹಾಕಿದೆ. ಬಾಟಲಿಗೆ ನೀರು ತುಂಬಿಸಿದೆ. ಮೂಗಿನ ಟ್ಯೂಬ್ ಬದಲಾಯಿಸಿದೆ. ಬೆರಳಿಗೆ ಮೀಟರ್ ಸಿಕ್ಕಿಸಿ ನೋಡಿದರೆ 94. ಕಾಫಿ ಆಮೇಲೆ.

ಈ ಆಕ್ಸಿಜನ್ ಮೆಷಿನ್ ಮನೆಗೆ ಬಂದು ಹದಿನಾಲ್ಕು ತಿಂಗಳು. ಜ್ವರ ಬಂದು ಶ್ವಾಸಕೋಶ ಗಟ್ಟಿಯಾಯಿತು, ಇನ್ನು ಮೆತ್ತಗಾಗುವುದಿಲ್ಲ ಎಂದರು ಡಾಕ್ಟರು. ಟ್ಯೂಬ್ ನಲವತ್ತು ಅಡಿ. ಅಡುಗೆಮನೆ, ಮಗ್ಗದ ಕೋಣೆ, ಜಗಲಿ — ಅಲ್ಲಿಗೆ ಮುಗಿಯಿತು. ಜೀಪ್ ಇರುವುದು ಜಗಲಿಯಿಂದ ಹತ್ತು ಹೆಜ್ಜೆ ಆಚೆ, ಬೇವಿನ ಮರದ ಕೆಳಗೆ.

ಹತ್ತೊಂಬತ್ತು ವರ್ಷ ಆ ಜೀಪಿನಲ್ಲಿ ನಮ್ಮೂರು ಸಿರುಮುಗೈಯ ಮಗ್ಗದ ಸೀರೆ ತುಂಬಿಕೊಂಡು ಹೋಗಿ ಮಾರಿದವಳು ನಾನು. ಅಂಗಡಿಗಳಿಗಲ್ಲ. ಆನೈಮಲೈ ಕಡೆಯ ತೆಂಗಿನ ತೋಟಗಳಿಗೆ, ತೊಂಡಾಮುತ್ತೂರಿನ ಆಚೆ ಬೆಟ್ಟದ ಬುಡದ ಊರುಗಳಿಗೆ. ಕಾರು ಹೂತುಕೊಳ್ಳುವ ದಾರಿಗಳು. ಫೋರ್ ವೀಲ್ ಹಾಕಿದರೆ ಜೀಪ್ ಮಾತ್ರ ಗೊಣಗುತ್ತಾ ಏರುತ್ತದೆ.

ನಿನ್ನೆ ಇವರು ಊಟದ ಮಧ್ಯೆ ಅಂದರು: "ಭಾನುವಾರ ಪೊಳ್ಳಾಚಿ ಪಾರ್ಟಿ ಬರ್ತಾರೆ, ಜೀಪ್ ನೋಡಕ್ಕೆ." ನನ್ನನ್ನು ಕೇಳಲಿಲ್ಲ. ಹೇಳಿದರು, ಅಷ್ಟೇ.

ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಓದಲು ಬರುವುದು ಕೊಳ್ಳೇಗಾಲದಿಂದ ಬಂದ ಸೊಸೆ ನನಗೊಬ್ಬಳಿಗೇ. ಹಾಗಾಗಿ ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ. ಮಾರುವುದಿಲ್ಲ.

ಜೂನ್ 15, ಭಾನುವಾರ

ಪಾರ್ಟಿ ಬಂದರು. ಬಾನೆಟ್ ಎತ್ತಿದರು, ಟೈರ್ ಒದ್ದರು. ಸಣ್ಣ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತೆ. ಏದುಸಿರು. ಮಾತು ಬರಲು ಎರಡು ನಿಮಿಷ ಬೇಕಾಯಿತು. ಕಾದರು ಪಾಪ.

"ಆರ್‌ಸಿ ನನ್ನ ಹೆಸರಲ್ಲಿದೆ. ನಾನು ಮಾರೋದಿಲ್ಲ," ಎಂದೆ ತಮಿಳಿನಲ್ಲಿ.

ಕಾಫಿ ಕುಡಿದು ಹೋದರು. ಇವರಿಗೆ ಸಿಟ್ಟು. "ಬಂದವ್ರ ಮುಂದೆ ಮಾನ ತೆಗ್ದೆ. ಸುಮ್ನೆ ನಿಲ್ಸಿ ತುಕ್ಕು ಹಿಡಿಸ್ತೀಯಾ ಸುಗನ್ಯಾ?"

"ಓಡಿಸ್ತೀನಿ."

ನಕ್ಕರು. ಆಮೇಲೆ ಮುಖ ನೋಡಿ ನಗು ನಿಲ್ಲಿಸಿದರು.

ಕೆಟ್ಟವರಲ್ಲ ಸೆಂದಿಲ್‌ಕುಮಾರ್. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬೆಂಚಿನ ಮೇಲೆ ಮಲಗಿದವರು. ನನ್ನ ಮೀಟರ್ 71 ತೋರಿಸಿದ್ದನ್ನು ಕಣ್ಣಾರೆ ಕಂಡವರು. ಆ ಭಯ ಹೋಗಿಲ್ಲ. ಆದರೆ ಅವರ ಭಯಕ್ಕೆ ನನ್ನನ್ನೇಕೆ ಗೂಟಕ್ಕೆ ಕಟ್ಟಬೇಕು?

ಜೂನ್ 19

ಪೀಳಮೇಡು ಆಸ್ಪತ್ರೆ. ಚೆಕಪ್. ಮಗಳು ನಿತ್ಯಾ ಜೊತೆಗಿದ್ದಳು. ಅವಳ ಕಾಲೇಜು ಅಲ್ಲೇ ಹತ್ತಿರ, ಪಾಠ ಮುಗಿಸಿ ಬಂದಳು. ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ — ಮೆಷಿನ್ನನ್ನು ಗಾಡಿಯಲ್ಲಿಟ್ಟು ಓಡಿಸಬಹುದೇ?

ಪೆನ್ನು ಕೆಳಗಿಟ್ಟರು. ಒಂದೊಂದಾಗಿ ಹೇಳಿದರು: ಕರೆಂಟ್ ತಪ್ಪಬಾರದು. 90ರ ಕೆಳಗಿಳಿದರೆ ಗಾಡಿ ನಿಲ್ಲಿಸಬೇಕು. ಸಿಲಿಂಡರ್ ಜೊತೆಗಿರಬೇಕು. ಒಬ್ಬಳೇ ಹೋಗಲೇಬಾರದು, ಸಿಲಿಂಡರ್ ತೆರೆಯಬಲ್ಲವರು ಪಕ್ಕದಲ್ಲಿರಬೇಕು.

ಬೇಡ ಎನ್ನಲಿಲ್ಲ! ಹದಿನಾಲ್ಕು ತಿಂಗಳಲ್ಲಿ ಬೇಡ ಎನ್ನದವರು ಇವರೊಬ್ಬರೇ.

ಕಾರಿನಲ್ಲಿ ನಿತ್ಯಾ: "ಅಮ್ಮಾ, ಆನ್‌ಲೈನಲ್ಲಿ ಮಾರು. ಫೋಟೋ ನಾನ್ ಹಾಕ್ತೀನಿ."

"ಸೀರೆ ಮಾರಕ್ಕಷ್ಟೇ ಹೋಗ್ತಿದ್ನಾ ನಾನು?"



ಜೂನ್ 24

ಲೆಕ್ಕ ಹೀಗೆ. ಜೀಪಿನ ಹಿಂಭಾಗಕ್ಕೆ ಮೆಷಿನ್, ಇನ್ವರ್ಟರ್, ಎರಡನೇ ಬ್ಯಾಟರಿ, ಸಿಲಿಂಡರ್. ಸೀರೆಗೆ ಜಾಗವಿಲ್ಲ. ಸೀರೆ ಹಿಂದೆ ಟ್ರೇಲರಿನಲ್ಲಿ ಬರಬೇಕು. ಟ್ರೇಲರ್ ಎಳೆಯಲು ಕೊಕ್ಕೆ — ಟೋಬಾರ್ — ಬೇಕು.

ಇವತ್ತು ಒಬ್ಬ ಫಿಟ್ಟರ್ ಬಂದ. ಅಳತೆಯೆಲ್ಲ ಇವರ ಹತ್ತಿರವೇ ಕೇಳಿದ, ನನ್ನ ಕಡೆ ತಿರುಗಲೇ ಇಲ್ಲ. ಸಂಜೆಗೆ ಬಂಪರ್ ತಗಡಿಗೇ ಕೊಕ್ಕೆ ಬೆಸೆದಿದ್ದ. ಕೈಯಲ್ಲಿ ಹಿಡಿದು ಅಲುಗಾಡಿಸಿದೆ. ತಗಡು ಕುಣಿಯಿತು.

"ಚಿಕ್ಕ ಟ್ರೇಲರ್ ತಾನೇ ಅಕ್ಕಾ, ತಾಳತ್ತೆ," ಎಂದ.

"ಚಾಸಿಗೆ ಬೋಲ್ಟ್ ಹಾಕಬೇಕು. ಇಳಿಜಾರಿನಲ್ಲಿ ಕಿತ್ತು ಬಂದರೆ ನಿನ್ನ ತಗಡನ್ನ ನಾನೇನು ಮಾಡಲಿ? ತೆಗಿ."

ತೆಗೆದ. ಬೈದುಕೊಂಡೇ ತೆಗೆದ. ಬೈಯಲಿ.

ಜುಲೈ 1

ನಿನ್ನೆ ಇನ್ನೊಬ್ಬ ಫಿಟ್ಟರ್, ಮೇಟ್ಟುಪಾಳೆಯಂನ ಮಾರಪ್ಪನ್ ಬಂದರು. ಅರವತ್ತರ ಹತ್ತಿರ, ಮಾತು ಕಡಿಮೆ, ಆಡಿದ್ದಕ್ಕೆಲ್ಲ ಕೊನೆಗೆ ಈ ಕಡೆಯ ಮರ್ಯಾದೆಯ ‘ಉಂಗ’. ಮೊದಲು ನನ್ನನ್ನು ಕೇಳಿದ್ದು: "ಯಾವ ದಾರಿಯಲ್ಲಿ ಓಡಿಸ್ತೀರಿಂಗಕ್ಕಾ?" ಅಲ್ಲಿಗೆ ಅರ್ಧ ಕೆಲಸ ಆಯಿತು ಅನಿಸಿತು.

ಎರಡು ದಿನದ ಕೆಲಸ. ಜೀಪಿನಡಿ ಮಲಗಿ, ಚಾಸಿಯ ಎರಡೂ ಕಡೆ ದಪ್ಪ ಪ್ಲೇಟ್ ಇಟ್ಟು ಬೋಲ್ಟ್ ಬಿಗಿದರು. ಸೀಲ್ ಆದ ಬ್ಯಾಟರಿ. ಅದಕ್ಕೆ ಕಬ್ಬಿಣದ ಪೆಟ್ಟಿಗೆ, ಕೆಳಗೆ ಗಾಳಿಕಿಂಡಿ. ಸಿಲಿಂಡರ್ ಎದುರು ಮೂಲೆಗೆ. "ಆಕ್ಸಿಜನ್ ಪಕ್ಕ ಕಿಡಿ ಹಾರಬಾರದುಂಗ." ಎರಡು ಬ್ಯಾಟರಿಗಳ ನಡುವೆ ಅಂಗೈಯಷ್ಟು ಡಬ್ಬಿ — ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಚಾರ್ಜ್ ಆಗುತ್ತವೆ; ನಿಂತಾಗ ಡಬ್ಬಿ ಎರಡನ್ನೂ ಬೇರೆ ಮಾಡುತ್ತದೆ. ನಾನು ಉಸಿರಾಡಿ ಖಾಲಿ ಮಾಡುವುದು ಎರಡನೆಯದನ್ನು ಮಾತ್ರ. ಮೊದಲನೆಯದು ಸ್ಟಾರ್ಟ್ ಮಾಡಲು ಉಳಿಯುತ್ತದೆ.

ಜುಲೈ 3

ಎಂಜಿನ್ ಆಫ್ ಮಾಡಿ ಮೆಷಿನ್ ಹಾಕಿಕೊಂಡು ಬೇವಿನ ಕೆಳಗೆ ಜೀಪಿನಲ್ಲೇ ಕೂತೆ. ಬಟಾಣಿ ಸುಲಿದೆ. ಬ್ಯಾಟರಿ ಒಂದು ಗಂಟೆ ಐವತ್ತೈದು ನಿಮಿಷ ತಾಳಿತು. ಬಟಾಣಿ ಅದಕ್ಕೂ ಮುಂಚೆ ಮುಗಿದಿತ್ತು.

ಜುಲೈ 8, ಸಂಜೆ

ಇವತ್ತು ಟ್ರಯಲ್. ತೊಂಡಾಮುತ್ತೂರು ಕಡೆ. ನಾನು ಸ್ಟಿಯರಿಂಗ್, ಇವರು ಪಕ್ಕದಲ್ಲಿ, ಟ್ರೇಲರ್ ಹಿಂದೆ ಖಾಲಿ. ಟಾರ್ ರಸ್ತೆಯಲ್ಲಿ ಎಲ್ಲ ಚೆನ್ನ. ಈರುಳ್ಳಿ ಹೊಲದ ಪಕ್ಕ ಮಣ್ಣು ದಾರಿಗೆ ಇಳಿದು ಅರ್ಧ ಕಿಲೋಮೀಟರ್ ಆಗಿತ್ತು — ಮೆಷಿನ್ ಕಿರುಚಿ ನಿಂತಿತು.

ಬ್ರೇಕ್ ಹಾಕಿದೆ. 89. 87. ಇವರ ಕೈ ನಡುಗಿ ಸಿಲಿಂಡರಿನ ಕೀ ಕೂರಲಿಲ್ಲ. 84. ಆಮೇಲೆ ಗಾಳಿ ಬಂತು.

ವಾಪಸು ಬರುವಾಗ ಇವರೇ ಓಡಿಸಿದರು. ಮನೆಯಲ್ಲಿ ಕೀಲಿ ಜೇಬಿಗೆ ಹಾಕಿಕೊಂಡು ಅಂದದ್ದು ಒಂದೇ ಮಾತು: "ಮುಗೀತು."

ಜುಲೈ 14

ಐದು ದಿನ ಬರೆಯಲಿಲ್ಲ. ಮಲಗಿದ್ದೆ. ಕಾಯಿಲೆಯಿಂದಲ್ಲ.

ಇವತ್ತು ಎದ್ದು ಮಾರಪ್ಪನ್‌ಗೆ ಫೋನ್ ಮಾಡಿದೆ. ಬಂದು, ನೋಡಿ, ತಲೆ ತಗ್ಗಿಸಿದರು. ಅರ್ತ್ ವಯರಿನ ಬೋಲ್ಟ್ ಕೆಳಗಿನ ಪೇಂಟ್ ಕೆರೆದಿರಲಿಲ್ಲ. ಕುಲುಕಾಟಕ್ಕೆ ಸಡಿಲವಾಗಿ ಮೆಷಿನ್ನಿಗೆ ಕರೆಂಟ್ ತಪ್ಪಿದೆ. "ತಪ್ಪು ನಂದುಂಗಕ್ಕಾ." ಕೆರೆದು, ಹೊಸ ಬೋಲ್ಟ್ ಹಾಕಿ, ಕಾಣುವ ಹಾಗೆ ಡ್ಯಾಶ್ ಮೇಲೆ ವೋಲ್ಟ್ ಮೀಟರ್ ಕೂರಿಸಿದರು.

ತಪ್ಪು ಒಪ್ಪಿಕೊಂಡ ಮನುಷ್ಯನ ಕೆಲಸದ ಮೇಲೆ ನನಗೆ ನಂಬಿಕೆ ಹೆಚ್ಚು. ಇವರಿಗಿಲ್ಲ.

"ನಾನ್ ಬರಲ್ಲ. ಜೊತೆ ಇಲ್ದೆ ಹೋಗ್ಬಾರ್ದೂಂತ ನಿನ್ ಡಾಕ್ಟರೇ ಹೇಳಿದಾರೆ."

ಸರಿಯಾಗಿ ಕಟ್ಟಿಹಾಕಿದರು.  ಹೋಗಿ ಮಗ್ಗದ ಕೋಣೆಯಲ್ಲಿ ಕೂತೆ.

ಜುಲೈ 17

ಅತ್ತೆ, ವಳ್ಳಿಯಮ್ಮ. ಎಪ್ಪತ್ತಾರು ವರ್ಷ. ಇದುವರೆಗೆ ಈ ವಿಷಯದಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಇವತ್ತು ಪಕ್ಕದಲ್ಲಿ ಬಂದು ಕೂತು, ಪ್ರೀತಿ ಬಂದಾಗಿನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು:

"ಆ ಸಿಲಿಂಡರ್ ಹೆಂಗ್ ತೆರೆಯೋದು? ನಂಗೆ ಸೊಲ್ಲಿಕೊಡು, ಕಣ್ಣು."

"ನಿಮ್ಗ್ಯಾಕತ್ತೆ?"

"ಅವ್ನ್ ಕೈ ನಡುಗ್ತದೆ. ನನ್ ಕೈ ನಡುಗಲ್ಲ."

ನಿಜ. ಅರವತ್ತು ವರ್ಷ ಕಡಿದ ಎಳೆ ಗಂಟು ಹಾಕಿದ ಬೆರಳು. ಕೀ ಕೂರಿಸು, ಎಡಕ್ಕೆ ತಿರುಗಿಸು, ಎರಡರ ಮೇಲೆ ಮುಳ್ಳು ನಿಲ್ಲಿಸು, ಟ್ಯೂಬ್ ಬದಲಿಸು. ಹತ್ತು ಸಲ ಮಾಡಿಸಿದೆ. ಹನ್ನೊಂದನೇ ಸಲ ಕಣ್ಣು ಮುಚ್ಚಿಕೊಂಡು ಮಾಡಿ ತೋರಿಸಿದರು.

ಜುಲೈ 20

ಅತ್ತೆ ಮಗನ ಮುಂದೆ ಕೈ ಚಾಚಿದರು. "ಜೀಪ್ ಕೀಲಿ."

"ಅಮ್ಮಾ, ನಿಂಗೂ ಪೈತ್ಯವಾ?"

"ಆಮಾ, ಹುಚ್ಚೇ. ನಿಮ್ಮಪ್ಪ ಹೋದಾಗ ಎಲ್ರೂ ಮಗ್ಗ ಮಾರು ಅಂದ್ರು. ಮಾರಿದ್ರೆ ನೀ ಏನ್ ತಿಂದು ಬೆಳೀತಿದ್ದೆ? ಕೊಡು."

 ಇವರು ಕೀಲಿಯನ್ನು ಅಮ್ಮನ ಕೈಗೆ ಕೊಡಲಿಲ್ಲ. ಮಗ್ಗದ ಮೇಲಿಟ್ಟು ಹೊರಗೆ ಹೋದರು. ಸಂಜೆ ನೋಡಿದರೆ ಟ್ರೇಲರಿನ ಟೈರ್‌ಗೆ ಗಾಳಿ ಹೊಡೆಯುತ್ತಿದ್ದರು. 

ಜುಲೈ 24, ಬೆಳಿಗ್ಗೆ 5.10

ತಮಿಳರ ಆಡಿ ತಿಂಗಳ ಅಮಾವಾಸ್ಯೆ. ನಮ್ಮ ಕೊಳ್ಳೇಗಾಲದಲ್ಲಾದರೆ ಅಮಾವಾಸ್ಯೆ ದಿನ ಹೊಸ ಕೆಲಸ ಶುರುಮಾಡಲು ಹಿಂಜರಿಯುತ್ತಾರೆ. ಇಲ್ಲಿ ಅದೇ ಒಳ್ಳೆಯ ದಿನ. ನಲವತ್ತೆರಡು ಸೀರೆ, ಮೇಲೆ ಟಾರ್ಪಾಲ್. ಅತ್ತೆ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಾರೆ, ಮಡಿಲಲ್ಲಿ ಸಿಲಿಂಡರ್ ಕೀ. ನನ್ನದು 94.

ಜುಲೈ 24, ಬೆಳಿಗ್ಗೆ 11.40

ಆನೈಮಲೈ ಆಚೆ, ತೋಟದ ನಡುವೆ. ಮಾಸಾಣಿ ಅಮ್ಮನ್ ಗುಡಿಯ ಕಡೆ ಜನಸಾಗರ. ಅತ್ತೆ ಗಾಡಿಯಿಂದಲೇ ಕೈಮುಗಿದರು. ಕಾಲುವೆ ದಾಟಿದ ಮೇಲೆ ಕೆಸರು. ಇಳಿದು ಟ್ರೇಲರ್ ಕೊಕ್ಕೆ ನೋಡುವ ಶಕ್ತಿ ಇರಲಿಲ್ಲ. ಲೋ ಗೇರ್, ಫೋರ್ ವೀಲ್. ಜೀಪ್ ಗೊಣಗಿತು, ಟ್ರೇಲರ್ ಒಮ್ಮೆ ವಾಲಿತು, ಹಿಂದೆಯೇ ಬಂತು. ಮೆಷಿನ್ ಒಂದು ಸಲವೂ ಕಿರುಚಲಿಲ್ಲ. ಅತ್ತೆ ಕಣ್ಣು ಮುಚ್ಚಿರಲಿಲ್ಲ, ನಾನು ನೋಡಿದೆ.

ಕೊಬ್ಬರಿ ಒಣಗಿಸುವ ಕಣದಲ್ಲಿ ನಿಲ್ಲಿಸಿದೆ. ತಮಿಳ್‌ಸೆಲ್ವಿ ಕೊಬ್ಬರಿ ತಿರುವುತ್ತಿದ್ದಳು. ಹತ್ತು ವರ್ಷದಿಂದ ನನ್ನ ಹತ್ತಿರವೇ ಸೀರೆ ಕೊಂಡವಳು. ಹತ್ತಿರ ಬಂದು ನನ್ನ ಮುಖ, ಮೂಗಿನ ಟ್ಯೂಬ್ ನೋಡಿದಳು. ಕಣ್ಣಲ್ಲಿ ನೀರು.

"ನೀವು ಹೋಗಿಬಿಟ್ರಿ ಅಂತ ಹೇಳಿದ್ರಕ್ಕಾ. ಹೋದ ವರ್ಷವೇ."

"ಯಾರು ಹೇಳಿದ್ದು?"

"ಎಲ್ರೂ."

ಎಲ್ಲರೂ! ನಗು ಬಂತು, ನಕ್ಕರೆ ಕೆಮ್ಮು, ಕೆಮ್ಮಿದರೆ 91. ತಡೆದುಕೊಂಡು ಹೇಳಿದೆ: "ಸತ್ತವಳು ಸೀರೆ ತಂದಿದೀನಿ. ಟಾರ್ಪಾಲ್ ಬಿಚ್ಚು."

ಕೂಗಿ ಎಲ್ಲರನ್ನೂ ಕರೆದಳು. ಈಗ ಟ್ರೇಲರ್ ಸುತ್ತ ಹದಿನೈದು ಹೆಂಗಸರು. ನಾನು ಇಳಿಯುವುದಿಲ್ಲ, ಬೆಲೆ ಇಲ್ಲಿಂದಲೇ ಕೂಗುತ್ತೇನೆ. ಅತ್ತೆ ಸೆರಗು ಬಿಡಿಸಿ ತೋರಿಸುತ್ತಿದ್ದಾರೆ.

ಇವರ ಫೋನ್, ಆರನೇ ಸಲ.

"ಎಷ್ಟಿದೆ?"

"93."

"ಬ್ಯಾಟರಿ?"

"ಚೆನ್ನಾಗಿದೆ."

ಸರಿ ಎಂದರು, ಆದರೆ ಫೋನ್ ಇಡಲಿಲ್ಲ. ಇಲ್ಲಿನ ಗದ್ದಲ ಕೇಳುತ್ತಿದ್ದರು. ಆಮೇಲೆ ಮೆಲ್ಲಗೆ, "ಮುಂದಿನ ಸಲ ಯಾವ ಕಡೆ?"

ಹೇಳಬೇಕು. ನನ್ನ ಮನಸ್ಸಿನಲ್ಲಿರುವುದು ಬೆಟ್ಟದ ಬುಡದ ಊರುಗಳು, ತೊಂಡಾಮುತ್ತೂರಿನ ಆಚೆ, ಮೆಷಿನ್ ನಿಂತ ಅದೇ ದಾರಿ — ತಾಳು, ಅತ್ತೆ ಕೂಗುತ್ತಿದ್ದಾರೆ, ಆ ಹಸಿರು ಸೀರೆಗೆ ಇಬ್ಬರು ಜಗಳಕ್ಕೆ ನಿಂತಿದ್ದಾರೆ.