ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ

ರಾಣೇಬೆನ್ನೂರು,
೯ ಮಾರ್ಚ್ ೨೦೨೫

ತಮ್ಮ ಶಶಿಕಾಂತನಿಗೆ ಅಕ್ಕ ನಾಗರತ್ನಾಳ ಆಶೀರ್ವಾದ.

ಗುಂಟೂರಿನ ಘಾಟಿಗೆ ನಿನ್ನ ಕೆಮ್ಮು ಹೇಗಿದೆ? ಮೆಣಸಿನಕಾಯಿ ಖರೀದಿಗೆಂದು ಹೋದವನು ಎರಡು ತಿಂಗಳಾದರೂ ಬ್ಯಾಡಗಿಯ ಕಡೆ ಮುಖ ಹಾಕಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು, ಬರೀ ಚಹಾದ ಮೇಲೆ ದಿನ ದೂಡಬೇಡ. ನನ್ನ ಆರೋಗ್ಯ ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಐದನೆಯ ಕೀಮೋ ಮುಗಿಯಿತು. ತಲೆಯ ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಸಿಟ್ಟು ಮಾತ್ರ ಹೋಗಿಲ್ಲ. ಫೋನಿನಲ್ಲಿ ಈ ಮಾತು ಎತ್ತಿದರೆ ನೀನು ಕಟ್ ಮಾಡುತ್ತೀ, ಅದಕ್ಕೇ ಕಾಗದ.

ತಂಗಿ ಮೀನಾಕ್ಷಿಗೆ ಮೊದಲ ಸಲ ಎದೆಯಲ್ಲಿ ಗಂಟು ಕಂಡಾಗ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದವನು ನೀನು. ಮನೆಯಲ್ಲಿ ಮತ್ತೆ ಯಾರಿಗಾದರೂ ಇದು ಬಂದಿತ್ತೇ ಎಂದು ಡಾಕ್ಟರು ಕೇಳಿದರಂತೆ. ನೀನು ಎದೆ ತಟ್ಟಿಕೊಂಡು ಹೇಳಿದೆಯಂತೆ, "ನಮ್ಮ ಮನ್ಯಾಗ ಯಾರಿಗೂ ಇಲ್ಲರಿ." ನೀನು ಸುಳ್ಳು ಹೇಳಲಿಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಅಪ್ಪನ ಅಕ್ಕ ಸಿದ್ದವ್ವತ್ತೆ ಎದೆಯ ಹುಣ್ಣಿನಿಂದಲೇ ಸತ್ತಳು, ಆದರೆ ಅವಳನ್ನು ಮೋಟೆಬೆನ್ನೂರಿಗೆ ಕೊಟ್ಟಿತ್ತು. ಅಪ್ಪನ ತಂಗಿ ನೀಲಗಂಗವ್ವತ್ತೆಗೆ ಅಂಡಾಶಯದಲ್ಲಿ ಗಡ್ಡೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿತು, ಅವಳು ಗಳಗನಾಥದ ಸೊಸೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮನೆಯವರು ನಾವು, ಅವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನೀನು ಆ ಇಬ್ಬರ ಹೆಸರು ಹೇಳಿದ್ದರೆ ಅವತ್ತೇ ಮೀನಾಕ್ಷಿಯ ರಕ್ತ ಪರೀಕ್ಷೆ ಮಾಡುತ್ತಿದ್ದರು. ಅಂಡಾಶಯ ತೆಗೆಸಿಕೋ ಎಂದು ಎಚ್ಚರಿಸುತ್ತಿದ್ದರು. ಮೂರು ವರ್ಷ ಬಿಟ್ಟು ಅವಳಿಗೂ ಅಲ್ಲೇ ಬಂತು. ನಮ್ಮ ತಂಗಿಯ ಮಣ್ಣಿಗೆ ನಾವಿಬ್ಬರೂ ಹೋಗಿ ಬಂದೆವು.

ನನ್ನ ಸರದಿ ಬಂದಾಗ ನಾನು ಇಬ್ಬರು ಅತ್ತೆಯರ ಹೆಸರನ್ನೂ ಹೇಳಿದೆ. ಆಮೇಲೆ ಡಾಕ್ಟರು ತಿಳಿಸಿ ಹೇಳಿದ್ದನ್ನು ನಿನಗೂ ಹೇಳುತ್ತೇನೆ, ತಾಳ್ಮೆಯಿಂದ ಓದು. ಮೈಯ ಒಂದೊಂದು ಕಣದಲ್ಲೂ ಕಾವಲಿನ ಜೀನ್‌ಗಳಿವೆ. ಕಣದೊಳಗೆ ಏನಾದರೂ ಹರಿದರೆ ಹೊಲಿಯುವುದು, ಅಡ್ಡಾದಿಡ್ಡಿ ಬೆಳೆಯಹೊರಟರೆ ತಡೆಯುವುದು ಅವುಗಳ ಕೆಲಸ. ಪ್ರತಿಯೊಂದಕ್ಕೂ ಎರಡು ಪ್ರತಿ, ಒಂದು ತಾಯಿಯದು, ಒಂದು ತಂದೆಯದು. ನಿನ್ನ ಅಂಗಡಿಯಲ್ಲಿ ಬೂಷ್ಟು ಹಿಡಿದ ಕಾಯಿ ಆರಿಸಲು ಇಬ್ಬರು ಹೆಣ್ಣುಮಕ್ಕಳು ಕೂತಿರುತ್ತಾರಲ್ಲ, ಹಾಗೆ. ನಮಗೆ ಅವರಲ್ಲಿ ಒಬ್ಬಳು ಹುಟ್ಟುಗುರುಡಿ. ಇನ್ನೊಬ್ಬಳು ಇರುವತನಕ ಕೆಲಸ ನಡೆಯುತ್ತದೆ. ಅವಳೂ ಎದ್ದುಹೋದ ದಿನ ಕೆಟ್ಟ ಕಾಯಿಯನ್ನು ತಡೆಯುವವರಿಲ್ಲ, ಚೀಲವೆಲ್ಲ ಹಾಳು. ನಮ್ಮ ಮನೆಯಲ್ಲಿ ಕೆಟ್ಟಿರುವ ಜೀನಿನ ಹೆಸರು ಬಿಆರ್‌ಸಿಎ. ಅಪ್ಪನಿಗೆ ಏನೂ ಆಗಲಿಲ್ಲ, ಆದರೂ ಅದು ಅವನಿಂದಲೇ ನನಗೆ ಬಂತು. ಗಂಡಸರೂ ಇದನ್ನು ಹೊತ್ತು ಮಕ್ಕಳಿಗೆ ದಾಟಿಸುತ್ತಾರೆ, ಕೆಲವು ಸಲ ತಾವೂ ಕಾಯಿಲೆ ಬೀಳುತ್ತಾರೆ.

ಇದನ್ನೇ ಹೇಳಿದಾಗ ನೀನು ಏನಂದೆ? "ಹೆಂಗಸರ ಬ್ಯಾನಿ ನನ್ನಿಂದ ಹ್ಯಾಂಗ ಬರತೈತಿ? ಸ್ನೇಹಾನ ನಿಶ್ಚಯ ಆಗೇತಿ. ಮದುವಿ ಆಗಿಬಿಡ್ಲಿ, ಆಮ್ಯಾಲ ಅದು ಅವರ ಮನೀದು." ಹೆತ್ತ ಮಗಳನ್ನು ಇನ್ನೂ ಕೊಟ್ಟಿಲ್ಲ, ಆಗಲೇ ಲೆಕ್ಕದಿಂದ ಹೊರಗಿಟ್ಟೆ. ಮರುದಿನವೇ ಹಾವೇರಿಯ ಹಾಸ್ಟೆಲಿಗೆ ಹೋಗಿ ಸ್ನೇಹಾಳಿಗೆ ಎಲ್ಲ ಹೇಳಿದೆ. ಅವಳಿಗೆ ಇಪ್ಪತ್ನಾಲ್ಕು, ಬುದ್ಧಿ ನಿನ್ನದಲ್ಲ, ಪುಣ್ಯ. ಹುಬ್ಬಳ್ಳಿಗೆ ಹೋಗಿ ತಾನೇ ರಕ್ತ ಕೊಟ್ಟು ಬಂದಳು. ಫಲಿತಾಂಶ ಇವತ್ತು ನಾಳೆಯಲ್ಲಿ ಬರಬೇಕು. ಜೀನ್ ಕೆಟ್ಟಿದ್ದರೂ ಅದು ಕಾಯಿಲೆಯಲ್ಲ. ವರ್ಷಾವರ್ಷ ಸ್ಕ್ಯಾನ್ ಮಾಡಿಸಿದರೆ ಗಂಟು ಕಾಳಿನಷ್ಟಿರುವಾಗಲೇ ಸಿಗುತ್ತದೆ. ಮೀನಾಕ್ಷಿಗೆ ಸಿಗದ ಅವಕಾಶ ಇವಳಿಗಿದೆ. ಬೈಯುವುದಿದ್ದರೆ ನನ್ನನ್ನು ಬೈ. ನಾನು ಬೈಗುಳ ತಿಂದು ಬೆಳೆದವಳು.

ನಿನ್ನ ಭಾವ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದರು. ದೇವರು ನಿನಗೆ ಆಯುಷ್ಯ ಕೊಡಲಿ, ಅದರ ಜೊತೆಗೆ ಸ್ವಲ್ಪ ಬುದ್ಧಿಯನ್ನೂ.

ಇಂತು,
ನಿನ್ನ ಅಕ್ಕ
ನಾಗರತ್ನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸ್ನೇಹಾ ಹುಬ್ಬಳ್ಳಿಯಿಂದ ನೇರವಾಗಿ ಇಲ್ಲಿಗೆ ಬಂದಳು. ಅವಳಲ್ಲೂ ಅದು ಇದೆ. ಅವಳ ತಾಯಿಯನ್ನೂ ಪರೀಕ್ಷೆ ಮಾಡಿದ್ದಾರೆ, ತಾಯಿಯಲ್ಲಿಲ್ಲ. ಅಂದರೆ ನಿನ್ನದೇ, ನೀನೂ ಪರೀಕ್ಷೆ ಮಾಡಿಸಿಕೋ. ಇಷ್ಟು ದೊಡ್ಡ ಸುದ್ದಿ ಹೊತ್ತು ಬಂದ ಹುಡುಗಿ ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅತ್ತಿ, ಮದುವಿ ಮುರದ್ರ ಅಪ್ಪ ನನ್ನ ಮನಿಯೊಳಗ ಕರ್ಕೋತಾನೇನ್ರಿ?" ಎಂದು ಕೇಳಿದಳು. ಉತ್ತರ ನೀನೇ ಬಂದು ಹೇಳು.