ಗಾಡಿ ನಿಂತ ಕಾರಣ

ಸೂಲಿಬೆಲೆ
೯-೧-೧೯೪೪, ಭಾನುವಾರ

ಪ್ರೀತಿಯ ಅಣ್ಣಯ್ಯನಿಗೆ ತಮ್ಮ ಪಿಳ್ಳಪ್ಪನ ನಮಸ್ಕಾರಗಳು.

ಮೈಯಲ್ಲಿ ಹೇಗಿದ್ದೀಯ? ಮರಳು ಬಿದ್ದು ಕಣ್ಣು ಕೆಂಪಾಗಿದೆ ಎಂದು ಹಿಂದೊಮ್ಮೆ ನೀನು ಬರೆದಿದ್ದೆ, ವಾಸಿಯಾಯಿತೇ? ಮಿಲಿಟರಿ ಲಾರಿ ಓಡಿಸುವಾಗ ಕನ್ನಡಕ ಕೊಡುತ್ತಾರೆ ಅಂದಿದ್ದೆಯಲ್ಲ, ಹಾಕಿಕೋ. ಅಲ್ಲಿ ಮುದ್ದೆ ಸಿಗುವುದಿಲ್ಲ ಎಂಬುದನ್ನು ಅಮ್ಮ ಇನ್ನೂ ನಂಬಿಲ್ಲ. ಅಷ್ಟು ದೊಡ್ಡ ಸರ್ಕಾರಕ್ಕೆ ಒಂದು ಮೂಟೆ ರಾಗಿ ಕಳಿಸೋಕೆ ಆಗಲ್ವಾ ಎಂದು ಕೇಳುತ್ತಾಳೆ. ಅಮ್ಮ ಓಡಾಡಿಕೊಂಡಿದ್ದಾಳೆ, ಮೊಣಕಾಲು ನೋವು ಇದ್ದದ್ದೇ. ರಾಗಿ ಕಣಕ್ಕೆ ಬಂದಿದೆ. ಎಮ್ಮೆ ಈದಿದೆ, ಹೆಣ್ಣು ಕರು. ನಾನೂ ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ.

ನಿನ್ನ ಕಾಗದ ಸೋಮವಾರ ಬಂತು. ತಂತಿ ಮುಟ್ಟಿದ ಮೇಲೆ ನೀನು ಬರೆದ ಮೊದಲ ಕಾಗದ. ಅದರಲ್ಲಿ ಅತ್ತಿಗೆಯ ವಿಷಯ ಕೇಳಿಲ್ಲ, ಹುಟ್ಟದೇ ಹೋದ ಮಗುವಿನ ವಿಷಯವನ್ನೂ ಕೇಳಿಲ್ಲ. ‘ಗಾಡಿ ಯಾಕೆ ನಿಂತಿತು?’ ಅಂತ ಒಂದೇ ಒಂದು ಸಾಲು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಮೂರು ತಿಂಗಳು ನಾನೂ ಅದನ್ನೇ ಯೋಚಿಸಿದ್ದೇನೆ. ಬೇರೆ ಯಾವುದಕ್ಕೂ ಮನಸ್ಸು ಏಳುವುದಿಲ್ಲ. ಗಾಡಿ ಕಲಿಸಿದವನು ನೀನು, ಅದಕ್ಕೆ ಗಾಡಿಯ ವಿಷಯವನ್ನೇ ಬರೆಯುತ್ತೇನೆ.

ಆವತ್ತಿಗೆ ಆಯುಧಪೂಜೆ ಆಗಿ ಎಂಟು ದಿನ. ಅತ್ತಿಗೆಗೆ ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಬೆಳಿಗ್ಗೆ ಸೂಲಗಿತ್ತಿ ಪಾಪಮ್ಮ ಹೊರಗೆ ಬಂದು, ಮಗು ಅಡ್ಡ ತಿರುಗೈತೆ, ನನ್ ಕೈಲಾಗಲ್ಲ, ಬೆಂಗಳೂರಿಗೆ ಕರ್ಕೊಂಡೋಗ್ರಪ್ಪಾ ಅಂದಳು. ನಾನು ಓಡಿ ಹೋಗಿ ನಮ್ಮ ಸಾಹುಕಾರರು ಆದಿನಾರಾಯಣಪ್ಪನವರ ಬಾಗಿಲಲ್ಲಿ ನಿಂತೆ. ಕೇಳುವ ಮೊದಲೇ ಕಾರಿನ ಬೀಗದಕೈ ಕೊಟ್ಟರು. ಪೆಟ್ರೋಲಿಗೆ ಕೂಪನ್ ಇರುವ ಈ ಕಾಲದಲ್ಲಿ, ಕೂಡಿಟ್ಟಿದ್ದ ಡಬ್ಬಗಳನ್ನೆಲ್ಲ ತಾವೇ ಹೊತ್ತು ತಂದು ಟ್ಯಾಂಕಿನ ಕತ್ತಿನವರೆಗೂ ಸುರಿದರು. ದಾರೀಲಿ ನಿಲ್ಬಾರ್ದು ಕಣಪ್ಪಾ ಅಂದರು. ಹಿಂದಿನ ಸೀಟಿನಲ್ಲಿ ಅಮ್ಮ ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಒಂಬತ್ತಕ್ಕೆ ಹೊರಟೆವು. ಇಪ್ಪತ್ತೈದು ಮೈಲಿ, ಹೆಚ್ಚೆಂದರೆ ಒಂದೂಕಾಲು ಗಂಟೆಯ ದಾರಿ.

ನಾಲ್ಕು ಮೈಲಿಗೆ ಗಾಡಿ ಮುಗ್ಗರಿಸಿ ನಿಂತಿತು. ಬಾನೆಟ್ಟು ಎತ್ತಿದೆ. ಪಂಪಿನ ಗಾಜಿನ ಬಟ್ಟಲು ಅರ್ಧ ಖಾಲಿ. ಕಾರ್ಬುರೇಟರಿಗೆ ಹೋಗುವ ಕೊಳವೆ ಬಿಚ್ಚಿ ಹ್ಯಾಂಡಲ್ ತಿರುಗಿಸಿದರೆ ಪೆಟ್ರೋಲು ಚಿಮ್ಮಬೇಕು ಎಂದು ನೀನು ಹೇಳಿಕೊಟ್ಟಿದ್ದೆ. ಎತ್ತಿನಗಾಡಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಅದನ್ನು ನಿಲ್ಲಿಸಿ ಹ್ಯಾಂಡಲ್ ತಿರುಗಿಸಿಕೊಟ್ಟ. ಚಿಮ್ಮಲಿಲ್ಲ, ತೊಟ್ಟಿಕ್ಕಿತು. ಪೆಟ್ರೋಲು ಒತ್ತಡದಲ್ಲಿ ಬರುತ್ತಿಲ್ಲ ಎಂಬುದು ಅಲ್ಲಿಗೇ ಗೊತ್ತಾಯಿತು. ಬಟ್ಟಲು ಬಿಚ್ಚಿ ಒರೆಸಿ, ಜಾಲರಿ ತೊಳೆದು ಹಾಕಿದೆ. ಹೊರಡುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಟ್ಟು ನೋಡಿದೆ, ಎಷ್ಟು ಚೆಲ್ಲಿಹೋಯಿತೋ ಎಂದು. ಅದು ನಿನಗೆ ಗೊತ್ತಿರುವ ನನ್ನ ಹಳೇ ಚಾಳಿ. ಮುಚ್ಚಳ ತಿರುಗಿಸಿದಾಗ ಉಸ್ ಅಂದಿತು. ಆಗಲೇ ಒಳಗೆ ಅತ್ತಿಗೆ ಕಿರುಚಿದರು. ಕಡ್ಡಿ ಒರೆಸಿ, ಮುಚ್ಚಳ ಬಿಗಿದು ಹೊರಟೆ. ಗಾಡಿ ಚೆನ್ನಾಗಿ ಓಡಿತು. ಜಾಲರಿಯ ಕಸವೇ ಕಾರಣ ಎಂದುಕೊಂಡೆ.

ಹೊಸಕೋಟೆ ಕೆರೆ ಏರಿಯ ಮೇಲೆ ಮತ್ತೆ ನಿಂತಿತು. ಯಾಕ್ ಪಿಳ್ಳಪ್ಪಾ, ನಿಂತ್ಬಿಡ್ತಾ ಎಂದು ಅತ್ತಿಗೆ ಕೇಳಿದರು. ಆಗ ಅವರಿಗೆ ಮಾತು ನೆಟ್ಟಗೇ ಇತ್ತು. ಇನ್ನೇನು ಆಯ್ತು ಅತ್ತಿಗೆ ಅಂದೆ. ಪಂಪು ಬಿಚ್ಚಿದೆ. ಒಳಗಿನ ಚರ್ಮದಂಥ ಬಟ್ಟೆ ಹರಿದಿರಬೇಕೆಂದು ಬೆಳಕಿಗೆ ಹಿಡಿದು ನೋಡಿದೆ, ಹರಿದಿರಲಿಲ್ಲ. ಸ್ಪ್ರಿಂಗು ಸರಿಯಿತ್ತು. ಎಲ್ಲ ಜೋಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಮತ್ತೆ ಮುಚ್ಚಳ ತೆಗೆದೆ, ಕಡ್ಡಿ ಇಟ್ಟೆ, ಮುಚ್ಚಿದೆ. ಈ ಸಲ ಏಳು ಮೈಲಿ ಓಡಿತು. ಮೊದಲಿಗಿಂತ ಹೆಚ್ಚು ಓಡಿತಲ್ಲ, ಸರಿಹೋಗುತ್ತಾ ಬಂತು ಎಂದು ನನಗೆ ಖುಷಿಯೂ ಆಯಿತು. ಅದನ್ನು ನೆನೆದರೆ ನಾಚಿಕೆಯಾಗುತ್ತದೆ ಅಣ್ಣಯ್ಯ.

ಮೂರನೆಯ ಸಲ ನಿಂತದ್ದು ಕೃಷ್ಣರಾಜಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ. ಬಿಸಿಲು ಏರಿತ್ತು. ಟ್ಯಾಂಕಿನಿಂದ ಬರುವ ಕೊಳವೆಯಲ್ಲೇ ಕಸ ಕೂತಿದೆ ಎಂದು ಪಂಪಿನ ಕಡೆಯ ತುದಿ ಬಿಚ್ಚಿ, ಬಾಯಿಟ್ಟು ಟ್ಯಾಂಕಿನ ಕಡೆಗೆ ಊದಿದೆ. ಟ್ಯಾಂಕಿನಲ್ಲಿ ಗುಳುಗುಳು ಅಂದಿತು. ಬಾಯಿತುಂಬ ಪೆಟ್ರೋಲು ಬಂತು, ಉಗುಳಿದೆ, ಮತ್ತೆ ಊದಿದೆ. ಅಮ್ಮ ಒಳಗಿನಿಂದ ನನ್ನ ಹೆಸರು ಹಿಡಿದು ಒಂದು ಸಲ ಕೂಗಿದಳು. ಬಂದೆ ಅಮ್ಮಾ ಅಂದೆ. ಕೊಳವೆ ಸಿಕ್ಕಿಸಿ, ಹ್ಯಾಂಡಲ್ ಹೊಡೆದು, ಗಾಡಿ ಶುರುವಾದ ಮೇಲೆಯೇ ಹಿಂದಕ್ಕೆ ತಿರುಗಿ ನೋಡಿದ್ದು. ಅಮ್ಮ ಸೆರಗಿನಿಂದ ಅತ್ತಿಗೆಯ ಮುಖ ಮುಚ್ಚಿದ್ದಳು. ಅಲ್ಲಿಂದ ಆಸ್ಪತ್ರೆಯವರೆಗೂ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಬಾಯಲ್ಲಿ ಆ ಪೆಟ್ರೋಲಿನ ರುಚಿ ನಾಲ್ಕು ದಿನ ಇತ್ತು.

ಎಲ್ಲ ಮುಗಿದ ಮೇಲೆ ಸಾಹುಕಾರರಿಗೆ ಕಾರು ಒಪ್ಪಿಸಬೇಕೆಂದು ಒಬ್ಬನೇ ಕೂತು ತೊಳೆದೆ. ಹಿಂದಿನ ಸೀಟು ತೊಳೆದೆ, ಚಕ್ರ ತೊಳೆದೆ, ಟ್ಯಾಂಕಿನ ಮುಚ್ಚಳವನ್ನೂ ತೊಳೆದೆ. ಅದರ ನೆತ್ತಿಯ ಮೇಲೆ ಗಂಧ, ಕುಂಕುಮ ಒಣಗಿ ಗಾರೆಯಂತೆ ಹಿಡಿದಿತ್ತು. ಉಗುರಿನಿಂದ ಕೆರೆದರೆ ಕೆಳಗೆ ಸೂಜಿಮೊನೆಯಷ್ಟು ರಂಧ್ರ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕಲ್ಲ, ಅದು ಬರುವ ದಾರಿ ಅದೊಂದೇ. ಹಬ್ಬವಾದ ಮೇಲೆ ಟ್ಯಾಂಕಿನ ತಳದಲ್ಲಿ ಎರಡು ಬೆರಳು ಪೆಟ್ರೋಲು ಇಟ್ಟುಕೊಂಡು ಊರೊಳಗೆ ಓಡಾಡುವಾಗ ಒಳಗೆ ಗಾಳಿ ಬೇಕಾದಷ್ಟಿತ್ತು, ಗೊತ್ತಾಗಲಿಲ್ಲ. ಆವತ್ತು ಟ್ಯಾಂಕು ತುಂಬಿತ್ತು, ಗಾಳಿಗೆ ಜಾಗವಿರಲಿಲ್ಲ. ನಾಲ್ಕು ಮೈಲಿಗೆಲ್ಲ ಟ್ಯಾಂಕೇ ಪೆಟ್ರೋಲನ್ನು ಹಿಡಿದುಕೊಂಡಿತು, ಪಂಪು ಎಳೆದರೂ ಬಿಡಲಿಲ್ಲ. ಗಾಡಿ ಮತ್ತೆ ಓಡಿದ್ದು ನಾನು ರಿಪೇರಿ ಮಾಡಿದ್ದಕ್ಕಲ್ಲ. ಕಡ್ಡಿ ಇಡಲು ಮುಚ್ಚಳ ತೆಗೆದದ್ದಕ್ಕೆ, ಬಾಯಿಂದ ಊದಿದ್ದಕ್ಕೆ. ಮುಚ್ಚಳವನ್ನು ದಾರಿಯಲ್ಲಿ ಬಿಸಾಡಿದ್ದರೂ ಹತ್ತೂಕಾಲಿಗೆ ಬೆಂಗಳೂರಿನಲ್ಲಿರುತ್ತಿದ್ದೆವು.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಸಾಹುಕಾರರು ಆಮೇಲೆ ಗಾಡಿ ಓಡಿಸಲು ನನ್ನನ್ನು ಕರೆಯಲಿಲ್ಲ. ಪಿಳ್ಳಪ್ಪನಿಗೆ ಸ್ಟೇರಿಂಗ್ ಹಿಡಿಯೋಕೆ ಬರುತ್ತೆ, ಗಾಡಿ ಗೊತ್ತಿಲ್ಲ ಎಂದು ಊರಿನಲ್ಲಿ ಮಾತು. ಹೌದು ಅನ್ನುತ್ತೇನೆ. ನನಗೆ ಇನ್ನೂ ಅಳು ಬಂದಿಲ್ಲ. ನಿನಗೆ ಬಂತೋ ಇಲ್ಲವೋ ಬರೆ.

ನೀನು ಜೋಪಾನ. ಅಮ್ಮ ನಿನ್ನ ತಲೆ ನೇವರಿಸಿದೆ ಎಂದು ಬರೆ ಅಂದಿದ್ದಾಳೆ. ಪಾಪಮ್ಮನೂ ದಿನಾ ನಿನ್ನ ಕ್ಷೇಮ ಕೇಳುತ್ತಾಳೆ.

ನಿನ್ನ ತಮ್ಮ,
ಪಿಳ್ಳಪ್ಪ

ಮರೆತೆ: ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಯುಧಪೂಜೆಯ ದಿನ ಆ ಮುಚ್ಚಳಕ್ಕೆ ಗಂಧ ಹಚ್ಚಿದ್ದು ಅಮ್ಮ. ಚಕ್ರಕ್ಕೆ, ಮೂತಿಗೆ ಎಲ್ರೂ ಇಡ್ತಾರೆ, ಗಾಡಿ ಬಾಯಿಗೆ ಯಾರೂ ಇಡಲ್ಲ, ನಮ್ ದೊಡ್ಡೋನು ಅಲ್ಲಿ ಹಸ್ಕೊಂಡಿರಬಾರ್ದು ಎಂದು ಮೂರು ಸಲ ಬಳಿದಳು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ. ಅವಳಿಗೆ ಇದು ಗೊತ್ತಿಲ್ಲ. ನಾನು ಓದಿದರೆ ಕೆಟ್ಟ ಸುದ್ದಿ ಬಿಟ್ಟು ಓದುತ್ತೇನೆಂದು ನಿನ್ನ ಕಾಗದಗಳನ್ನು ಈಗ ಹನುಮಂತರಾಯಪ್ಪ ಮೇಷ್ಟರ ಹತ್ತಿರ ಓದಿಸುತ್ತಾಳೆ. ನಿನ್ನ ಆ ಒಂದು ಸಾಲು ಕೇಳಿದಾಗಿನಿಂದ ಅವಳೂ ಶುರುಮಾಡಿದ್ದಾಳೆ, ಗಾಡಿ ಯಾಕ್ ನಿಂತಿತ್ತು ಹೇಳೋ, ಗಾಡಿ ಯಾಕ್ ನಿಂತಿತ್ತು ಹೇಳೋ ಎಂದು. ಈ ಕಾಗದ ಹರಿದುಹಾಕು. ಪಂಪು ಕೆಟ್ಟಿತ್ತು, ಕಣ್ಣೆದುರಿಗಿದ್ದರೂ ಆ ದಡ್ಡನಿಗೆ ಕಾಣಲಿಲ್ಲ, ನನ್ನ ಹೆಂಡತಿಯನ್ನು ಕೊಂದವನು ಅವನೇ ಎಂದು ಅಮ್ಮನ ಹೆಸರಿಗೆ ಒಂದು ಕಾಗದ ಬರೆ. ಹಿಂಜರಿಯಬೇಡ ಅಣ್ಣಯ್ಯ, ಚೆನ್ನಾಗಿ ಬೈ. ನೀನು ಬೈದರೆ ನಂಬುತ್ತಾಳೆ.